ಓದುಗರ ಪ್ರಶ್ನೆ: ಎಳೆ ಸಿಕ್ಕಾದರೆ ಎಲ್ಲಿಂದ ಬಿಡಿಸಬೇಕು?

ಈ ಸಲದ ಟಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪತ್ರ ಥ್ರೆಡ್ಡಿನ, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಜೊತೆಜೊತೆಯಾಗಿ ಓಡುವ ಕೆಲಸದ ಎಳೆಗಳ ಬಗ್ಗೆಯೇ. ಲ್ಯಾಬ್ ಪರೀಕ್ಷೆ ಹತ್ತಿರ ಬಂತು ಅಂತ ಅದರಿಂದಲೇ ಗೊತ್ತಾಗುತ್ತದೆ. ಹುಬ್ಬಳ್ಳಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ 24 ವರ್ಷ ನಿಂತು ಕಾಲು ನೋಯಿಸಿಕೊಂಡವಳು ನಾನು. "ಮ್ಯಾಡಮ್, ಎರರ್ ಬಂತ್ರೀ" ಅನ್ನೋ ಕೂಗು ಈಗಲೂ ನಿದ್ದೆಯಲ್ಲಿ ಕೇಳುತ್ತದೆ. ಆಗ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: "ಯಾರು ಬೈದ್ರು?" ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬೈತೋ, ತಿರುಗಿಸಿದ ತುಂಡುಗಳನ್ನು ಲೈಬ್ರರಿಗಳ ಜೊತೆ ಜೋಡಿಸುವ ಲಿಂಕರ್ ಬೈತೋ, ಓಡುವಾಗ ಬಿತ್ತೋ, ಇಲ್ಲಾ ಯಾರೂ ಬೈಯದೆ ಸುಮ್ಮನೆ ಉತ್ತರ ತಪ್ಪು ಬಂತೋ? ಅರ್ಧ ಹುಡುಗರಿಗೆ ಇದಕ್ಕೇ ಉತ್ತರ ಗೊತ್ತಿರುತ್ತಿರಲಿಲ್ಲ. ಕೆಂಪು ಅಕ್ಷರ ಕಂಡ ಕೂಡಲೇ ಕೈ ಎತ್ತಿಬಿಡುತ್ತಿದ್ದರು.

ಪತ್ರಿಕೆಯ ಪದ್ಧತಿಯಂತೆ ಆಜ್ಞೆಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಅಚ್ಚು ಹಾಕುತ್ತಿದ್ದೇವೆ. ನೀವು ಕೀಲಿಮಣೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿಕೊಳ್ಳಿ.

ಪ್ರಶ್ನೆ: ಮಗಳು ಬಿ.ಇ. ಓದುತ್ತಿದ್ದಾಳೆ. ಮನೆಯ ಲ್ಯಾಪ್‌ಟಾಪಿನಲ್ಲಿ ಓಡಿದ ಸಿ ಪ್ರೋಗ್ರಾಮ್ ಲ್ಯಾಬಿನಲ್ಲಿ ಓಡಲಿಲ್ಲ. "ಅನ್‌ಡಿಫೈನ್ಡ್ ರೆಫರೆನ್ಸ್ ಟು ಪಿಥ್ರೆಡ್_ಕ್ರಿಯೇಟ್" ಅಂತ ಬಂತಂತೆ. ಒಂದಕ್ಷರವೂ ಬದಲಾಗಿಲ್ಲ ಅನ್ನುತ್ತಾಳೆ. ಲ್ಯಾಬಿನವರು "ನೀನೇ ಏನೋ ಅಳಿಸೀದಿ" ಅಂದರಂತೆ. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ತಪ್ಪು ಯಾರದು? — ಹಾವೇರಿಯಿಂದ ಒಬ್ಬ ತಂದೆ

ಉತ್ತರ: ಮಗಳದ್ದಲ್ಲ, ಮೊದಲು ಊಟ ಮಾಡಿಸಿ. ಇಲ್ಲಿ ಬೈದದ್ದು ಕಂಪೈಲರ್ ಅಲ್ಲ, ಲಿಂಕರ್. "ಅನ್‌ಡಿಫೈನ್ಡ್ ರೆಫರೆನ್ಸ್" ಅಂದರೆ ಹೆಸರು ಗೊತ್ತಿದೆ, ಆದರೆ ಆ ಹೆಸರಿನ ಫಂಕ್ಷನ್ (ಇಲ್ಲಿ ಥ್ರೆಡ್ ಹುಟ್ಟಿಸುವುದು) ಯಾವ ಮನೆಯಲ್ಲೂ ಸಿಗಲಿಲ್ಲ ಅಂತ. ಕೆಳಗೆ "ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್" ಅಂತಲೂ ಇರಬೇಕು, ಆ ಎಲ್‌ಡಿಯೇ ಲಿಂಕರ್. ಇದು ಕಂಡರೆ ನಿಮ್ಮ ಕೋಡಿನ ಸಾಲುಗಳನ್ನು ತಡಕಾಡಬೇಡಿ, ಕಂಪೈಲ್ ಮಾಡಿದ ಆಜ್ಞೆಯನ್ನು ನೋಡಿ.

ಮನೆಯಲ್ಲಿ ಓಡಿದ್ದಕ್ಕೂ ಕಾರಣವಿದೆ. ಲಿನಕ್ಸಿನಲ್ಲಿ ಥ್ರೆಡ್ಡಿನ ಫಂಕ್ಷನ್‌ಗಳು ಬಹಳ ಕಾಲ ಪ್ರತ್ಯೇಕ ಲೈಬ್ರರಿಯಲ್ಲಿದ್ದವು. ಲಿನಕ್ಸಿನ ಮುಖ್ಯ ಸಿ ಲೈಬ್ರರಿಯ ಹೆಸರು ಜಿಲಿಬ್‌ಸಿ, 2021ರ ಆಗಸ್ಟಿನಲ್ಲಿ ಬಂದ ಅದರ 2.34ನೇ ಆವೃತ್ತಿಯಲ್ಲಿ ಅವನ್ನು ಅದರೊಳಗೇ ಸೇರಿಸಿಬಿಟ್ಟರು. ಉಬುಂಟು 22.04ರಲ್ಲಿರುವುದು 2.35, ಹಾಗಾಗಿ ಅಲ್ಲಿ ಬರೀ ಜಿಸಿಸಿ (ಕಂಪೈಲರಿನ ಹೆಸರು) ಮತ್ತು ಫೈಲಿನ ಹೆಸರು ಕೊಟ್ಟರೂ ನಡೆಯುತ್ತದೆ. ಉಬುಂಟು 20.04ರಲ್ಲಿರುವುದು 2.31, ಅಲ್ಲಿ ನಡೆಯುವುದಿಲ್ಲ. ನಿಮ್ಮ ಮನೆಯದು ಹೊಸದು, ಲ್ಯಾಬಿನದು ಹಳೆಯದು ಅಂತ ನನ್ನ ಎಣಿಕೆ. ಆಜ್ಞೆಗೆ "-ಪಿಥ್ರೆಡ್" ಅಂತ ಸೇರಿಸಿದರೆ ಎರಡೂ ಕಡೆ ಓಡುತ್ತದೆ. ಕೆಲವರು "-ಎಲ್‌ಪಿಥ್ರೆಡ್" ಅಂತ ಕಲಿಸುತ್ತಾರೆ. ಅದನ್ನು ಫೈಲಿನ ಹೆಸರಿಗಿಂತ ಮುಂಚೆ ಬರೆದರೆ ಮತ್ತೆ ಇದೇ ಬೈಗುಳ, ಯಾಕೆಂದರೆ ಲಿಂಕರ್ ಎಡದಿಂದ ಬಲಕ್ಕೆ ಓದುತ್ತ ಹೋಗುತ್ತದೆ. ಬೇಕು ಅಂತ ಯಾರೂ ಕೇಳುವ ಮೊದಲೇ ಎದುರಾದ ಲೈಬ್ರರಿಯನ್ನು ದಾಟಿಬಿಡುತ್ತದೆ. "-ಪಿಥ್ರೆಡ್" ಬರೆದರೆ ಈ ತಾಪತ್ರಯವಿಲ್ಲ.

ಪ್ರಶ್ನೆ: ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಎರಡು ಗೇಟಿನಿಂದ ಚೀಲ ಒಳಗೆ ಬರೋದನ್ನ ಎಣಿಸೋ ಹಾಗೆ ಪ್ರಾಜೆಕ್ಟಿಗೆ ಒಂದು ಪ್ರೋಗ್ರಾಮ್ ಬರೆದೆ. ಗೇಟಿಗೊಂದು ಥ್ರೆಡ್, ಒಂದೊಂದಕ್ಕೂ 1,00,000 ಚೀಲ. ಒಟ್ಟು 2,00,000 ಬರಬೇಕು. ಒಮ್ಮೆ 1,37,482 ಬಂತು, ಇನ್ನೊಮ್ಮೆ 1,12,906. ನಡುವೆ ಪ್ರಿಂಟ್‌ಎಫ್ ಹಾಕಿ ನೋಡಿದರೆ ಸರಿಯಾಗಿ 2,00,000 ಬರುತ್ತದೆ! ಗೆಳೆಯ "-ಓ2 ಹಾಕಿ ಕಂಪೈಲ್ ಮಾಡು" ಅಂದ, ಹಾಗೆ ಮಾಡಿದರೂ ಸರಿ ಬಂತು. ಹಾಗಾದರೆ ಕಂಪೈಲರಿನ ದೋಷವೇ? — ಬ್ಯಾಡಗಿಯಿಂದ ಒಬ್ಬ ಬಿಸಿಎ ವಿದ್ಯಾರ್ಥಿ

ಉತ್ತರ: ತಮ್ಮಾ, ಇದರಲ್ಲಿ ಕಂಪೈಲರಿನ ತಪ್ಪು ಕಾಳಷ್ಟೂ ಇಲ್ಲ. ನಿಮ್ಮ ಅಂಗಡಿಯನ್ನೇ ತಗೋ. ಇಬ್ಬರು ಗುಮಾಸ್ತರು, ಇಬ್ಬರಿಗೂ ಸೇರಿ ಒಂದೇ ವಹಿ. ಇವನು ಬಗ್ಗಿ ನೋಡಿದ, 412 ಅಂತ ಇತ್ತು. ಮನಸ್ಸಿನಲ್ಲೇ ಒಂದು ಕೂಡಿಸಿದ. ಅಷ್ಟರಲ್ಲಿ ಅವನೂ ಬಗ್ಗಿ ನೋಡಿದ, ಅವನಿಗೂ 412 ಕಂಡಿತು. ಇವನು 413 ಬರೆದ, ಅವನೂ ಅದರ ಮೇಲೇ 413 ಬರೆದ. ಬಂದದ್ದು ಎರಡು ಚೀಲ, ವಹಿಯಲ್ಲಿ ಏರಿದ್ದು ಒಂದು. ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಬರೆಯಲಿಲ್ಲ, ಚೀಲ ಮಾತ್ರ ಮಾಯ. ನೀನು "ಕೌಂಟ್ ಪ್ಲಸ್ ಪ್ಲಸ್" ಅಂತ ಬರೆದದ್ದು ಕಣ್ಣಿಗೆ ಒಂದೇ ಕೆಲಸದಂತೆ ಕಂಡರೂ ಯಂತ್ರಕ್ಕೆ ಮೂರು ಕೆಲಸ: ಓದು, ಕೂಡಿಸು, ಬರೆ. ಆ ಮೂರರ ಸಂದಿಯಲ್ಲಿ ಇನ್ನೊಬ್ಬ ಕೈ ಹಾಕಬಹುದು. ಇದಕ್ಕೇ ಡೇಟಾ ರೇಸ್ ಅನ್ನುವುದು.

ಇನ್ನು ನಿನ್ನ ಎರಡು "ಔಷಧ". ಪ್ರಿಂಟ್‌ಎಫ್ ತೆರೆಗೆ ಬರೆಯುವಾಗ ತಾನೇ ಒಂದು ಲಾಕ್, ಅಂದರೆ ಒಮ್ಮೆಗೆ ಒಬ್ಬನನ್ನೇ ಒಳಗೆ ಬಿಡುವ ಬೀಗ ಹಿಡಿಯುತ್ತದೆ, ಮೇಲಾಗಿ ಅದು ನಿಧಾನ. ಗುಮಾಸ್ತರು ಪ್ರತಿ ಚೀಲಕ್ಕೂ ಎದ್ದುಹೋಗಿ ಚಹಾ ಕುಡಿದು ಬಂದ ಹಾಗೆ. ವಹಿಯ ಮೇಲೆ ಇಬ್ಬರೂ ಒಟ್ಟಿಗೆ ಬಗ್ಗುವ ಸಂದರ್ಭ ಕಡಿಮೆಯಾಯಿತು, ಇಲ್ಲದಂತಾಗಲಿಲ್ಲ. -ಓ2 ಅಂದರೆ ಪ್ರೋಗ್ರಾಮನ್ನು ಚುರುಕು ಮಾಡು ಅಂತ ಕಂಪೈಲರಿಗೆ ಹೇಳುವುದು, ಅದನ್ನು ಕೊಟ್ಟಾಗ ಆದದ್ದು ಬೇರೆ. ಲೂಪಿನಲ್ಲಿ ಲಕ್ಷ ಸಲ ಒಂದು ಕೂಡಿಸುವುದಷ್ಟೇ ಇದೆ ಅಂತ ಕಂಪೈಲರ್ ಕಂಡುಹಿಡಿದು, ಲೂಪನ್ನೇ ಕಿತ್ತು "ಒಂದೇ ಏಟಿಗೆ ಲಕ್ಷ ಕೂಡಿಸು" ಅಂತ ಬರೆದುಬಿಟ್ಟಿತು. ಎರಡನೇ ಥ್ರೆಡ್ ಹುಟ್ಟುವಷ್ಟರಲ್ಲಿ ಮೊದಲನೆಯದರ ಕೆಲಸ ಮುಗಿದೇಹೋಗಿತ್ತು. ರೇಸ್ ಇನ್ನೂ ಅಲ್ಲೇ ಇದೆ, ಕಣ್ಣಿಗೆ ಬೀಳುತ್ತಿಲ್ಲ ಅಷ್ಟೆ. ಯಾರಾದರೂ "ವೋಲಟೈಲ್ ಹಾಕು" ಅಂದರೆ ಅದನ್ನೂ ನಂಬಬೇಡ. ಅದು ಕಂಪೈಲರಿಗೆ ಪ್ರತಿ ಸಲ ಮೆಮೊರಿಗೆ ಹೋಗಿ ಓದಿ ಬಾ ಅನ್ನುತ್ತದೆಯೇ ಹೊರತು ಮೂರು ಕೆಲಸವನ್ನು ಒಂದು ಮಾಡುವುದಿಲ್ಲ.

ನನ್ನ ಮೈಮೇಲೂ ಇದೇ ಬಂದಿತ್ತು. 2006ರ ಸುಮಾರಿಗೆ ಹುಬ್ಬಳ್ಳಿಯ ಒಂದು ದವಾಖಾನೆಗೆ ಚೀಟಿ ನಂಬರ್ ಕೊಡುವ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಎರಡು ಕೌಂಟರ್, ಎರಡು ಥ್ರೆಡ್. ಎರಡು ಮೂರು ದಿನಕ್ಕೊಮ್ಮೆ ಒಂದೇ ನಂಬರ್ ಇಬ್ಬರಿಗೆ ಹೋಗುತ್ತಿತ್ತು. 38ನೇ ನಂಬರಿನ ಇಬ್ಬರು ಅಜ್ಜಂದಿರು ಡಾಕ್ಟರ ಬಾಗಿಲಲ್ಲಿ ಧೋತರ ಎತ್ತಿಕಟ್ಟಿ ಜಗಳಕ್ಕೆ ನಿಂತದ್ದನ್ನು ನಾನೇ ನೋಡಿದ್ದೇನೆ. ಮೂರು ವಾರ ನಾನು ಬೈದದ್ದು ಪ್ರಿಂಟರನ್ನು! ಮನೆಯಲ್ಲಿ ಕೂತು ಸಾವಿರ ಸಲ ಓಡಿಸಿದೆ, ಒಂದು ಸಲವೂ ತಪ್ಪಲಿಲ್ಲ. ನಾನು ಒಬ್ಬಳೇ ಒಂದು ಗುಂಡಿ ಒತ್ತುತ್ತಿದ್ದೆ, ತಪ್ಪುವುದಾದರೂ ಹೇಗೆ?

ಸರಿಪಡಿಸಲು ಮೂರು ದಾರಿ ಇವೆ. ಎಲ್ಲರೂ ಮೊದಲು ಕಲಿಯುವುದು ಮ್ಯೂಟೆಕ್ಸ್: ವಹಿ ಮುಟ್ಟುವ ಮುಂಚೆ ಲಾಕ್, ಬರೆದ ಮೇಲೆ ಅನ್‌ಲಾಕ್. ಬರೀ ಎಣಿಕೆಯಾದರೆ ಸಿ ಭಾಷೆಯ 2011ರ ಆವೃತ್ತಿಯಿಂದ (ಸಿ11) ಬಂದಿರುವ ಅಟಾಮಿಕ್ ಇಂಟ್ ಸಾಕು, ಅದು ಆ ಮೂರು ಕೆಲಸವನ್ನು ಬಿಡಿಸಲಾಗದ ಒಂದು ಕೆಲಸವಾಗಿ ಮಾಡುತ್ತದೆ. ನಾನಾದರೆ ಮೂರನೆಯದನ್ನೇ ಆರಿಸುತ್ತೇನೆ. ಗೇಟಿಗೊಂದು ವಹಿ ಕೊಡು, ಸಂಜೆ ಅಂಗಡಿ ಮುಚ್ಚುವಾಗ ಎರಡನ್ನೂ ಕೂಡಿಸು. ಅಂದರೆ ಪ್ರತಿ ಥ್ರೆಡ್ ತನ್ನದೇ ಲೋಕಲ್ ವೇರಿಯಬಲ್‌ನಲ್ಲಿ ಎಣಿಸಲಿ, ಎರಡನ್ನೂ ಜಾಯಿನ್ ಮಾಡಿದ (ಅಂದರೆ ಅವು ಮುಗಿಯುವ ತನಕ ಕಾದ) ಮೇಲೆ ಮೇನ್ ಕೂಡಿಸಲಿ. ಎರಡು ಲಕ್ಷ ಸಲ ಲಾಕ್ ಹಿಡಿದು ಬಿಡುವ ದಣಿವೂ ಇಲ್ಲ.

ಇಂಥದ್ದನ್ನು ಕಣ್ಣಿನಿಂದ ಹುಡುಕಬೇಕಾಗಿಲ್ಲ. ಜಿಸಿಸಿಗೆ "-ಜಿ -ಎಫ್‌ಸ್ಯಾನಿಟೈಜ್=ಥ್ರೆಡ್" ಅಂತ ಕೊಟ್ಟು ಕಂಪೈಲ್ ಮಾಡಿ ಓಡಿಸು. ಥ್ರೆಡ್ ಸ್ಯಾನಿಟೈಜರ್ ಎದ್ದು ಕೂತು, ಯಾವ ಸಾಲಿನಲ್ಲಿ ಒಬ್ಬ ಬರೆದ, ಯಾವ ಸಾಲಿನಲ್ಲಿ ಇನ್ನೊಬ್ಬ ಕೈ ಹಾಕಿದ ಅಂತ ಎರಡೂ ಕಡೆಯ ಸಾಕ್ಷಿ ಹೇಳುತ್ತದೆ. ಉತ್ತರ ಸರಿ ಬಂದ ಓಟದಲ್ಲೂ ಹೇಳುತ್ತದೆ, ಅದೇ ಅದರ ಹೆಚ್ಚುಗಾರಿಕೆ. ಪ್ರೋಗ್ರಾಮ್ 5ರಿಂದ 15 ಪಟ್ಟು ನಿಧಾನವಾಗುತ್ತದೆ, ಮೆಮೊರಿಯೂ 5ರಿಂದ 10 ಪಟ್ಟು ಬೇಕು, ಆದ್ದರಿಂದ ಪರೀಕ್ಷೆಗೆ ಮಾತ್ರ ಇಟ್ಟುಕೋ. "ಅನ್‌ಎಕ್ಸ್‌ಪೆಕ್ಟೆಡ್ ಮೆಮೊರಿ ಮ್ಯಾಪಿಂಗ್" ಅಂತ ಹೇಳಿ ಶುರುವಿನಲ್ಲೇ ಸತ್ತರೆ ಹೆದರಬೇಡ, ಅದು ನಿನ್ನ ತಪ್ಪಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾಗಿ, ಸ್ಯಾನಿಟೈಜರ್ ಹಳೆಯದಾಗಿ ಎರಡಕ್ಕೂ ಕೂಡಿಬರುತ್ತಿಲ್ಲ. "ಸೆಟ್‌ಆರ್ಚ್ -ಆರ್" ಅಂತ ಮುಂದೆ ಸೇರಿಸಿ ಓಡಿಸಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ.

ಪ್ರಶ್ನೆ: ಹಳೇ ಪುಸ್ತಕದ ಥ್ರೆಡ್ ಪ್ರೋಗ್ರಾಮನ್ನು ಹಾಗೇ ಹೊಡೆದರೆ "ಇನ್‌ಕಂಪ್ಯಾಟಿಬಲ್ ಪಾಯಿಂಟರ್ ಟೈಪ್" ಅಂತ ಎರರ್ ಬರುತ್ತಿದೆ. ಸೀನಿಯರ್‌ಗಳಿಗೆ ಬರೀ ವಾರ್ನಿಂಗ್ ಬರುತ್ತಿತ್ತಂತೆ. — ನವಲಗುಂದದಿಂದ ಒಬ್ಬ ಓದುಗ

ಉತ್ತರ: ಸೀನಿಯರ್‌ಗಳು ಹೇಳಿದ್ದು ನಿಜ. 2024ರಲ್ಲಿ ಬಂದ ಜಿಸಿಸಿ 14ರಿಂದ ಅದು ಎರರ್ ಆಗಿದೆ. ಪಿಥ್ರೆಡ್_ಕ್ರಿಯೇಟ್‌ಗೆ ಕೊಡುವ ಫಂಕ್ಷನ್ ಒಂದು ವಾಯ್ಡ್ ಪಾಯಿಂಟರ್ ತೆಗೆದುಕೊಂಡು ಒಂದು ವಾಯ್ಡ್ ಪಾಯಿಂಟರ್ ಹಿಂದಿರುಗಿಸಬೇಕು. ಪುಸ್ತಕದಲ್ಲಿ ಬರೀ ವಾಯ್ಡ್ ಅಂತ ಇರುತ್ತದೆ, ನಕ್ಷತ್ರ ಸೇರಿಸಿ, ಕೊನೆಗೆ "ರಿಟರ್ನ್ ನಲ್" ಬರೆಯಿರಿ. ಕ್ಯಾಸ್ಟ್ ಹಾಕಿ, ಅಂದರೆ ಟೈಪನ್ನು ಬಲವಂತವಾಗಿ ಬದಲಿಸಿ ಬಾಯಿ ಮುಚ್ಚಿಸುವ ಚಾಳಿ ಬೇಡ.

ಪ್ರಶ್ನೆ: ಎರಡು ಬ್ಯಾಂಕ್ ಖಾತೆಗಳ ನಡುವೆ ಹಣ ವರ್ಗಾಯಿಸುವ ಪ್ರೋಗ್ರಾಮ್. ಖಾತೆಗೊಂದು ಮ್ಯೂಟೆಕ್ಸ್ ಇದೆ. ಹತ್ತಿಪ್ಪತ್ತು ಸಲ ಸರಿಯಾಗಿ ಓಡುತ್ತದೆ, ಆಮೇಲೆ ಒಮ್ಮೆ ಕಲ್ಲಿನಂತೆ ನಿಂತುಬಿಡುತ್ತದೆ. ಎರರ್ ಏನೂ ಇಲ್ಲ. ಕಂಟ್ರೋಲ್-ಸಿ ಒತ್ತುವುದೊಂದೇ ಗತಿ. — ಧಾರವಾಡದಿಂದ ಒಬ್ಬ ಎಂಸಿಎ ವಿದ್ಯಾರ್ಥಿನಿ

ಉತ್ತರ: ಕಂಟ್ರೋಲ್-ಸಿ ಒತ್ತಬೇಡ ತಂಗಿ! ನಿಂತಿರುವಾಗಲೇ ಅದು ಸಾಕ್ಷಿ ಹೇಳುವುದು, ಕೊಂದ ಮೇಲೆ ಏನೂ ಹೇಳುವುದಿಲ್ಲ. ಇನ್ನೊಂದು ಟರ್ಮಿನಲ್ ತೆರೆದು "ಟಾಪ್" ಓಡಿಸು. ನಿನ್ನ ಪ್ರೋಗ್ರಾಮ್ ಸಿಪಿಯು ಪೂರ್ತಿ ತಿನ್ನುತ್ತಿದ್ದರೆ ಎಲ್ಲೋ ಲೂಪ್ ಸುತ್ತುತ್ತಿದೆ. ಸೊನ್ನೆ ತೋರಿಸಿದರೆ ಯಾರೋ ಯಾರಿಗೋ ಕಾಯುತ್ತಿದ್ದಾರೆ. ನಿನ್ನದು ಸೊನ್ನೆ ಇರುತ್ತದೆ, ಪಂಥ ಕಟ್ಟುತ್ತೇನೆ.

ಜಿಡಿಬಿ ಅಂದರೆ ಪ್ರೋಗ್ರಾಮಿನೊಳಗೆ ಇಣುಕಿ ತಪ್ಪು ಹುಡುಕುವ ಸಾಧನ. ಈಗ "ಸುಡೊ ಜಿಡಿಬಿ -ಪಿ" ಅಂತ ಹೊಡೆದು ಆ ಪ್ರೋಗ್ರಾಮಿನ ಪ್ರೋಸೆಸ್ ನಂಬರ್ ಕೊಡು. ಸುಡೊ ಯಾಕೆಂದರೆ, ಓಡುತ್ತಿರುವ ಪ್ರೋಗ್ರಾಮಿನೊಳಗೆ ಪಕ್ಕದ ಟರ್ಮಿನಲ್ಲಿನಿಂದ ಇಣುಕಲು ಉಬುಂಟು ಹಾಗೇ ಬಿಡುವುದಿಲ್ಲ. ಒಳಗೆ ಹೋದ ಮೇಲೆ "ಥ್ರೆಡ್ ಅಪ್ಲೈ ಆಲ್ ಬಿಟಿ". ಪ್ರತಿ ಥ್ರೆಡ್ ಎಲ್ಲಿ ನಿಂತಿದೆ ಅಂತ ಸಾಲುಸಾಲಾಗಿ ಬರುತ್ತದೆ. ಇಬ್ಬರೂ ಲಾಕ್ ವೇಟ್ ಅನ್ನೋ ಹೆಸರಿನ ಫಂಕ್ಷನ್ ಒಳಗೆ ಕೂತಿದ್ದರೆ ಸಂಶಯವೇ ಬೇಡ. "-ಜಿ" ಹಾಕಿ ಕಂಪೈಲ್ ಮಾಡಿದ್ದರೆ "ಪಿ" ಅಂತ ಬರೆದು ಮ್ಯೂಟೆಕ್ಸಿನ ಹೆಸರು ಕೊಡು, ಅದರೊಳಗೆ "ಓನರ್" ಅಂತ ಒಂದು ಅಂಕಿ ಇರುತ್ತದೆ. ಜಿಡಿಬಿ ಥ್ರೆಡ್ಡುಗಳ ಪಕ್ಕ ತೋರಿಸುವ ಎಲ್‌ಡಬ್ಲ್ಯೂಪಿ ನಂಬರಿಗೆ ಅದನ್ನು ತಾಳೆ ನೋಡು. ಮೊದಲನೆಯವ ಅ ಖಾತೆಯ ಲಾಕ್ ಹಿಡಿದು ಬ ಖಾತೆಗೆ ಕಾಯುತ್ತಿದ್ದಾನೆ, ಎರಡನೆಯವ ಬ ಹಿಡಿದು ಅ-ಗೆ ಕಾಯುತ್ತಿದ್ದಾನೆ. ಡೆಡ್‌ಲಾಕ್. ಒಬ್ಬ ಅ-ಯಿಂದ ಬ-ಗೆ ಹಣ ಕಳಿಸುವಾಗಲೇ ಇನ್ನೊಬ್ಬ ಬ-ಯಿಂದ ಅ-ಗೆ ಕಳಿಸಿದರೆ ಮಾತ್ರ ಹೀಗಾಗುವುದು, ಅದಕ್ಕೇ ಹತ್ತಿಪ್ಪತ್ತು ಸಲ ಬಚಾವಾದೆ.

ಹಣ ಯಾವ ಕಡೆಗಾದರೂ ಹೋಗಲಿ, ಚಿಕ್ಕ ನಂಬರಿನ ಖಾತೆಯ ಲಾಕನ್ನೇ ಮೊದಲು ಹಿಡಿ. ಎಲ್ಲರೂ ಒಂದೇ ಕ್ರಮದಲ್ಲಿ ಹಿಡಿದರೆ ಸುತ್ತು ಕಟ್ಟಿಕೊಳ್ಳಲು ಆಗುವುದೇ ಇಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಾದರೆ 2017ರ ಆವೃತ್ತಿಯಿಂದ ಸ್ಕೋಪ್ಡ್ ಲಾಕ್ ಇದೆ. ಎರಡೂ ಮ್ಯೂಟೆಕ್ಸ್ ಅದರ ಕೈಗೆ ಕೊಟ್ಟರೆ ಸಿಕ್ಕಿಬೀಳದಂತೆ ತಾನೇ ಹಿಡಿದು, ಬ್ಲಾಕ್ ಮುಗಿದಾಗ ತಾನೇ ಬಿಡುತ್ತದೆ.

ನೀನು ಕಳಿಸಿದ ಕೋಡಿನಲ್ಲಿ ಇನ್ನೊಂದು ಹುಳುಕೂ ಇದೆ, ನೀನು ಅದನ್ನು ಕೇಳಿಲ್ಲ. ಬಾಕಿ ಸಾಲದಿದ್ದರೆ ಅಂತ ಒಂದು ಇಫ್ ಇದೆಯಲ್ಲ, ಅದರೊಳಗಿಂದ ಅನ್‌ಲಾಕ್ ಮಾಡದೆ ರಿಟರ್ನ್ ಆಗಿದ್ದೀ. ನಮ್ಮಪ್ಪ ಗದಗ–ಹುಬ್ಬಳ್ಳಿ ಲೈನಿನಲ್ಲಿ, ಅಣ್ಣಿಗೇರಿ ಕಡೆ, ಪಾಯಿಂಟ್ಸ್‌ಮನ್ ಆಗಿದ್ದರು. ಆಗ ಒಂದೇ ಹಳಿ. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಟೋಕನ್ ಇಟ್ಟು ಡ್ರೈವರನ ಕೈಗೆ ಕೊಡಬೇಕು. "ಬಳಿ ಕೈಯಾಗ ಇಲ್ಲಂದ್ರ ಗಾಡಿ ಹೊಂಡೂದಿಲ್ಲ" ಅನ್ನುತ್ತಿದ್ದರು. ಮುಂದಿನ ಸ್ಟೇಷನ್ನಿನಲ್ಲಿ ಆ ಟೋಕನ್ ಯಂತ್ರದೊಳಗೆ ಬೀಳುವ ತನಕ ಇನ್ನೊಂದು ಟೋಕನ್ ಹೊರಗೆ ಬರುವುದಿಲ್ಲ. ಒಮ್ಮೆ ಒಬ್ಬ ಗೂಡ್ಸ್ ಡ್ರೈವರ್ ಬಳೆ ಕೊಡುವುದನ್ನೇ ಮರೆತು ಮುಂದೆ ಹೋಗಿಬಿಟ್ಟ. ಹಳಿ ಖಾಲಿ, ಆದರೆ ಯಾವ ಗಾಡಿಯೂ ಹೊರಡುವಂತಿಲ್ಲ! ಸೈಕಲ್ ಮೇಲೆ ಹೋಗಿ ಬಳೆ ತಂದ ಮೇಲೆಯೇ ಮುಂದಿನ ಗಾಡಿ ಕದಲಿದ್ದು. ನಿನ್ನ ರಿಟರ್ನ್ ಮಾಡಿದ್ದೂ ಅದೇ, ಬಳೆ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗಿದೆ. ಮರೆಯುವ ಜಾಯಮಾನ ಇದ್ದರೆ ಫಂಕ್ಷನ್ನಿನಿಂದ ಹೊರಬರುವ ದಾರಿ ಒಂದೇ ಇಟ್ಟುಕೋ.

ಪ್ರಶ್ನೆ: ನಾವು ನೇಕಾರರು. ಥ್ರೆಡ್ ಅನ್ನೋದಕ್ಕೆ ಕನ್ನಡದಲ್ಲಿ ಏನು ಅನ್ನಬೇಕು? — ಬೆಟಗೇರಿಯಿಂದ ಒಬ್ಬ ಓದುಗ

ಉತ್ತರ: ನಿಮ್ಮ ಮನೆಯಲ್ಲೇ ಇದೆಯಲ್ಲ, ಎಳೆ. ಹಾಸಿನ ಎಳೆಗಳು ಒಂದೇ ಮಗ್ಗದ ಮೇಲೆ ಪಕ್ಕಪಕ್ಕದಲ್ಲಿ ಓಡುತ್ತವೆ, ಒಂದು ಕಡಿದರೆ ಮಗ್ಗವನ್ನೇ ನಿಲ್ಲಿಸಬೇಕು. ಒಂದು ಥ್ರೆಡ್ ಸೆಗ್ಮೆಂಟೇಶನ್ ಫಾಲ್ಟ್ ಕೊಟ್ಟರೆ ಇಡೀ ಪ್ರೋಗ್ರಾಮ್ ಬೀಳುವುದೂ ಹಾಗೆಯೇ. ಪರೀಕ್ಷೆಯಲ್ಲಿ ಮಾತ್ರ ಥ್ರೆಡ್ ಅಂತಲೇ ಬರೆಯಿರಿ, ಮಾರ್ಕು ಹೋದೀತು.

ಪ್ರಶ್ನೆ: ಜಾವಾದಲ್ಲಿ ಮೂರು ಥ್ರೆಡ್ ಮಾಡಿದ್ದೇನೆ. ಒಂದರ ಕೆಲಸ ಪೂರ್ತಿ ಮುಗಿದ ಮೇಲೇ ಇನ್ನೊಂದು ಶುರುವಾಗುತ್ತಿದೆ, ಜೊತೆಗೆ ಓಡುವುದೇ ಇಲ್ಲ. ಹಾಗೇ, ನೋಟಿಫೈ ಕರೆದಾಗ "ಇಲ್ಲೀಗಲ್ ಮಾನಿಟರ್ ಸ್ಟೇಟ್ ಎಕ್ಸೆಪ್ಶನ್" ಬರುತ್ತಿದೆ. — ಗದಗದಿಂದ ಒಬ್ಬ ವಿದ್ಯಾರ್ಥಿನಿ

ಉತ್ತರ: ನೀನು ಸ್ಟಾರ್ಟ್ ಕರೆಯುವ ಬದಲು ರನ್ ಕರೆದಿದ್ದೀ. ರನ್ ಕರೆದರೆ ಅದು ಬರೀ ಒಂದು ಮೆಥಡ್, ಮೇನ್ ತಾನೇ ಕೂತು ಮೂರರ ಕೆಲಸವನ್ನೂ ಮಾಡಿ ಮುಗಿಸುತ್ತದೆ. ಸ್ಟಾರ್ಟ್ ಕರೆದರೆ ಮಾತ್ರ ಹೊಸ ಥ್ರೆಡ್. ಒಂದೇ ಥ್ರೆಡ್ಡಿಗೆ ಎರಡು ಸಲ ಸ್ಟಾರ್ಟ್ ಕರೆಯುವಂತಿಲ್ಲ, ಬೇರೊಂದು ಎಕ್ಸೆಪ್ಶನ್ ಮೈಮೇಲೆ ಬರುತ್ತದೆ. ಎರಡನೇ ಪ್ರಶ್ನೆಗೆ: ಯಾವ ಆಬ್ಜೆಕ್ಟಿನ ಮೇಲೆ ವೇಟ್ ಅಥವಾ ನೋಟಿಫೈ ಕರೆಯುತ್ತೀಯೋ ಅದೇ ಆಬ್ಜೆಕ್ಟಿನ ಸಿಂಕ್ರೊನೈಜ್ಡ್ ಬ್ಲಾಕಿನೊಳಗೆ ಇರಬೇಕು. ವೇಟ್ ಸುತ್ತ ಇಫ್ ಹಾಕಿದ್ದೀ, ವೈಲ್ ಹಾಕು. ಯಾರೂ ಎಬ್ಬಿಸದಿದ್ದರೂ ಅದು ಒಮ್ಮೊಮ್ಮೆ ಎದ್ದು ಕೂರಬಹುದು ಅಂತ ಜಾವಾದ ಕಟ್ಟಳೆಯಲ್ಲೇ ಬರೆದಿದೆ. ಎದ್ದವನು ಮತ್ತೆ ಪರೀಕ್ಷಿಸಿ ನೋಡಬೇಕು.

ಪ್ರಶ್ನೆ: ಸಿ ಪ್ಲಸ್ ಪ್ಲಸ್‌ನಲ್ಲಿ "ಟರ್ಮಿನೇಟ್ ಕಾಲ್ಡ್ ವಿಥೌಟ್ ಆ್ಯನ್ ಆ್ಯಕ್ಟಿವ್ ಎಕ್ಸೆಪ್ಶನ್" ಅಂತ ಬಂದು ಬಿದ್ದುಹೋಗುತ್ತದೆ. ಗೆಳೆಯನಿಗೆ ಬೇರೆ ಥರ, ಕಂಪೈಲ್ ಮಾಡುವಾಗಲೇ ಎರಡು ಪುಟ ಎರರ್. — ಹುಬ್ಬಳ್ಳಿ, ಉಣಕಲ್ಲಿನಿಂದ

ಉತ್ತರ: ನಿನ್ನದು ಸುಲಭ. ಥ್ರೆಡ್ ಆಬ್ಜೆಕ್ಟ್ ನಾಶವಾಗುವ ಮುಂಚೆ ಜಾಯಿನ್ ಕರೆದಿಲ್ಲ, ಕರೆ. ಡಿಟ್ಯಾಚ್ ಮಾಡಿ, ಅಂದರೆ ಅದರ ಪಾಡಿಗೆ ಅದನ್ನು ಬಿಟ್ಟು ಪಾರಾಗಬೇಡ. ಮೇನ್ ಮುಗಿದ ಕ್ಷಣ ಡಿಟ್ಯಾಚ್ ಆದ ಥ್ರೆಡ್ಡುಗಳೂ ಅರ್ಧಕ್ಕೇ ಸಾಯುತ್ತವೆ, ಆಮೇಲೆ "ಏನೂ ಪ್ರಿಂಟ್ ಆಗ್ತಿಲ್ರೀ" ಅಂತ ಮತ್ತೆ ಬರೆಯುತ್ತೀ. 2020ರ ಆವೃತ್ತಿಯಲ್ಲಿ ಜೆಥ್ರೆಡ್ ಅಂತಿದೆ, ಅದು ತಾನೇ ಜಾಯಿನ್ ಆಗುತ್ತದೆ.

ಗೆಳೆಯನ ಎರಡು ಪುಟದಲ್ಲಿ ಓದಬೇಕಾದದ್ದು ಎರಡೇ ಸಾಲು: "ಎರರ್" ಅಂತ ಮೊದಲು ಬರುವ ಸಾಲು, "ರಿಕ್ವೈರ್ಡ್ ಫ್ರಮ್ ಹಿಯರ್" ಅಂತ ಅವನದೇ ಫೈಲಿನ ಹೆಸರಿರುವ ಸಾಲು. ಉಳಿದದ್ದೆಲ್ಲ ಲೈಬ್ರರಿಯ ಹೊಟ್ಟೆನೋವು. "ಇನ್‌ವೋಕಬಲ್ ಆಫ್ಟರ್ ಕನ್ವರ್ಶನ್ ಟು ಆರ್‌ವ್ಯಾಲ್ಯೂಸ್" ಅಂತಿದ್ದರೆ ಫಂಕ್ಷನ್ ರೆಫರೆನ್ಸ್ ಕೇಳುತ್ತಿದೆ, ಅವನು ವೇರಿಯಬಲ್ ಹಾಗೇ ಕೊಟ್ಟಿದ್ದಾನೆ. ಥ್ರೆಡ್ ತನಗೆ ಕೊಟ್ಟದ್ದನ್ನೆಲ್ಲ ನಕಲು ಮಾಡಿಟ್ಟುಕೊಳ್ಳುತ್ತದೆ. ಅಸಲನ್ನೇ ಕೊಡಬೇಕಿದ್ದರೆ "ಎಸ್‌ಟಿಡಿ ರೆಫ್" ಒಳಗೆ ಸುತ್ತಿ ಕೊಡಬೇಕು.

ಪ್ರಶ್ನೆ: ಸಿ-ಯಲ್ಲಿ ಲೂಪ್ ಹಾಕಿ 5 ಥ್ರೆಡ್ ಹುಟ್ಟಿಸಿ, ಒಂದೊಂದಕ್ಕೂ ಅದರ ನಂಬರ್ ಕೊಟ್ಟೆ. 1 2 3 4 5 ಬರಬೇಕಾದಲ್ಲಿ 2 3 3 5 5 ಬರುತ್ತಿದೆ. — ರಾಣೆಬೆನ್ನೂರಿನಿಂದ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ

ಉತ್ತರ: ನೀನು ನಂಬರ್ ಕೊಟ್ಟಿಲ್ಲಪ್ಪಾ, ನಂಬರ್ ಬರೆದ ಹಲಗೆಯ ವಿಳಾಸ ಕೊಟ್ಟಿದ್ದೀ. ಐವರಿಗೂ "ಹೋಗಿ ಹಲಗೆ ನೋಡಿಕೊಳ್ರಿ" ಅಂದೆ, ಅವರು ಹೋಗುವಷ್ಟರಲ್ಲಿ ನೀನೇ ಅಳಿಸಿ ಮುಂದಿನದು ಬರೆದಿದ್ದೀ. ಐದು ಮನೆಯ ಒಂದು ಅರೇ ಮಾಡು, ಒಂದೊಂದು ಮನೆಯಲ್ಲಿ ಒಂದು ನಂಬರ್ ಇಟ್ಟು, ಆಯಾ ಮನೆಯ ವಿಳಾಸ ಕೊಡು. ಎಲ್ಲ ಥ್ರೆಡ್ ಜಾಯಿನ್ ಆಗುವ ತನಕ ಆ ಅರೇ ಬದುಕಿರಬೇಕು.

ಇಷ್ಟು ಮಾಡಿದ ಮೇಲೆ 1 3 2 5 4 ಅಂತ ಬಂದರೆ ಮತ್ತೆ ಟಪಾಲು ಹಾಕಬೇಡ, ಅದು ಸರಿಯೇ ಇದೆ. ಯಾರು ಮೊದಲು ಓಡಬೇಕು ಅನ್ನುವುದು ಆಪರೇಟಿಂಗ್ ಸಿಸ್ಟಮ್ಮಿನ ಮರ್ಜಿ. ಸಾಲಾಗಿಯೇ ಬರಬೇಕು ಅಂತಿದ್ದರೆ ಥ್ರೆಡ್ಡಿನ ಗೊಡವೆ ಯಾಕೆ, ನಿನ್ನ ಫಾರ್ ಲೂಪೇ ಸಾಕಲ್ಲ!